ನಲವತ್ತು ಪುಸ್ತಕ ತೆಗೆಸಿ ಅಂತ ಅರ್ಜಿ ಬಂದಿದೆ, ಸಹಿ ಹಾಕಲಾ?

ಪ್ರಶ್ನೆ: ಮೇಡಂ, ನಾವು ಡಾಲಸ್‌ನ ಉತ್ತರಕ್ಕಿರುವ ಒಂದು ಊರಿನಲ್ಲಿದ್ದೇವೆ. ಟೆಕ್ಸಸ್‌ಗೆ ಬಂದು 9 ವರ್ಷ ಆಯಿತು. ಮಗಳು ಎಂಟನೇ ಕ್ಲಾಸು, ಮಗ ಐದನೇ ಕ್ಲಾಸು. ಇಬ್ಬರೂ ಇಲ್ಲಿನ ಪಬ್ಲಿಕ್ ಸ್ಕೂಲಿಗೆ ಹೋಗುತ್ತಾರೆ. ಕಳೆದ ವಾರ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಒಂದು ಅರ್ಜಿ ಬಂತು. ಶಾಲೆಯ ಲೈಬ್ರರಿಗಳಿಂದ 40 ಪುಸ್ತಕ ತೆಗೆಸಬೇಕು, ಭಾನುವಾರದೊಳಗೆ ಎಲ್ಲರೂ ಸಹಿ ಹಾಕಿ ಅಂತ. ಜೊತೆಗೆ ಆರೇಳು ಪುಟಗಳ ಫೋಟೊ. ನೋಡಿ ಎದೆ ಧಸಕ್ ಅಂತು. ಆ ಪಟ್ಟಿಯಲ್ಲಿರುವ ಒಂದು ಗ್ರಾಫಿಕ್ ನಾವೆಲ್ (ಚಿತ್ರಗಳಲ್ಲೇ ಹೇಳುವ ಕಾದಂಬರಿ) ನನ್ನ ಮಗಳ ಬ್ಯಾಗಿನಲ್ಲೇ ಇದೆ! ನಮ್ಮನೆಯವರು ಸಹಿ ಹಾಕು ಅಂತಾರೆ. ಮಗಳು, ‘ಅಮ್ಮ, ನೀನು ಸಹಿ ಹಾಕಿದ್ರೆ ನಾನು ಸ್ಕೂಲಿಗೇ ಹೋಗಲ್ಲ’ ಅಂತ ಮುಖ ಊದಿಸಿಕೊಂಡಿದ್ದಾಳೆ. ಗುಂಪಿನಲ್ಲಿ ಒಬ್ಬರು ‘ಇಂಥದ್ದನ್ನೆಲ್ಲ ಮಕ್ಕಳ ಕೈಗೆ ಕೊಡೋದಾ?’ ಅಂದರೆ, ಇನ್ನೊಬ್ಬರು ‘ಇವತ್ತು ಇದು, ನಾಳೆ ನಮ್ಮ ಬಗ್ಗೆ ಇರೋ ಪುಸ್ತಕ’ ಅಂತಾರೆ. ಮತ್ತೊಬ್ಬರು ‘ಬ್ಯಾನೂ ಇಲ್ಲ ಏನೂ ಇಲ್ಲ, ಅಮೆಜಾನ್‌ನಲ್ಲಿ ಸಿಗತ್ತಲ್ಲ’ ಅಂತಾರೆ. ಯಾರ ಮಾತು ಸರಿ? ನನ್ನ ಮಗಳಿಗೆ ಮಾತ್ರ ಬೇಡ ಅಂತ ಹೇಳೋಕೆ ಆಗತ್ತಾ? ಮಗ ಬೇರೆ ತನ್ನ ಕಾಮಿಕ್ ಸರಣಿಯ ಹೊಸ ಭಾಗ ಲೈಬ್ರರಿಗೆ ಬಂದೇ ಇಲ್ಲ ಅಂತ ಗೊಣಗುತ್ತಿದ್ದಾನೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ನಾವಿನ್ನೂ ಎಚ್‌1ಬಿ ವೀಸಾದಲ್ಲಿದ್ದೇವೆ, ಇದರಲ್ಲೆಲ್ಲ ಬಾಯಿ ಹಾಕಬಹುದಾ?

ಉತ್ತರ: ನಿಮಗೆ ಧಸಕ್ ಅಂದಿದ್ದರಲ್ಲಿ ತಪ್ಪೇನಿಲ್ಲ, ಮೊದಲು ಅದನ್ನ ಹೇಳಿಬಿಡ್ತೀನಿ. ನಾನು ಇದೇ ರಾಜ್ಯದ ಒಂದು ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುತ್ತಾ 16 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಕೈಯಲ್ಲಿ ಫೋನು ಹಿಡಿದುಕೊಂಡು ‘ಇದನ್ನ ನೋಡಿ’ ಅಂತ ಬಂದ ಅಪ್ಪ–ಅಮ್ಮಂದಿರನ್ನ ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಪುಸ್ತಕ ಕಂಡರೆ ಆಗದವರು ತೀರಾ ಕಡಿಮೆ. ಹೆಚ್ಚಿನವರು ನಿಮ್ಮ ಹಾಗೇ ಹೆದರಿದವರು.

ನೀವು ಐದಾರು ಪ್ರಶ್ನೆ ಕೇಳಿದ್ದೀರಿ, ಆದರೆ ಒಳಗಿರುವ ಸಂಕಟ ಒಂದೇ ಅಂತ ನನಗೆ ಕಾಣುತ್ತೆ. ನನ್ನ ಮಗಳನ್ನ ಕಾಪಾಡಬೇಕು, ಹಾಗಂತ ಇನ್ನೊಬ್ಬರ ಮಗಳ ಕೈಯಿಂದ ಪುಸ್ತಕ ಕಿತ್ತುಕೊಂಡ ಹಾಗೂ ಆಗಬಾರದು. ಅಲ್ವಾ? ಇವೆರಡೂ ಬೇರೆ ಬೇರೆ ಕೆಲಸ. ಎರಡಕ್ಕೂ ಬೇರೆ ಬೇರೆ ಫಾರಂ ಇದೆ, ಬೇರೆ ಬೇರೆ ದಾರಿ ಇದೆ. ನಿಮ್ಮ ಗುಂಪಿನ ಜಗಳದಲ್ಲಿ ಎರಡನ್ನೂ ಸೇರಿಸಿ ಕಲಸಿಬಿಟ್ಟಿದ್ದಾರೆ.

ಮೊದಲು ಆ ಫೋಟೊಗಳ ವಿಷಯ. ಇಂಥ ಫೋಟೊ ಬಂದಾಗ ನಾನು ಮೊದಲು ನೋಡೋದು ಪುಟವನ್ನಲ್ಲ. ಇದು ಯಾವ ಪುಸ್ತಕ, ಯಾವ ಶಾಲೆಯ ಕಪಾಟಿನಲ್ಲಿದೆ ಅಂತ ನೋಡುತ್ತೇನೆ. ಫಾರ್ವರ್ಡ್ ಆದ ಫೋಟೊದಲ್ಲಿ ಈ ಎರಡೂ ಇರುವುದಿಲ್ಲ. ಹೈಸ್ಕೂಲಿನ ಹದಿನೇಳರ ಹುಡುಗರಿಗೆ ಅಂತ ತರಿಸಿದ ಪುಸ್ತಕದ ಪುಟ ತೋರಿಸಿ ‘ಐದನೇ ಕ್ಲಾಸಿನ ಮಕ್ಕಳಿಗೆ ಇದನ್ನ ಕೊಡ್ತಿದಾರೆ’ ಅನ್ನುವ ಮೆಸೇಜು ವರ್ಷಕ್ಕೆ ನಾಲ್ಕು ಸಲ ನನಗೂ ಬರುತ್ತೆ. ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ, ಅಂದರೆ ಅಲ್ಲಿನ ಪಬ್ಲಿಕ್ ಶಾಲೆಗಳನ್ನೆಲ್ಲ ನಡೆಸುವ ಆಡಳಿತದ, ಲೈಬ್ರರಿ ಕ್ಯಾಟಲಾಗ್ ಆನ್‌ಲೈನಿನಲ್ಲೇ ಇರುತ್ತೆ, ಇಲ್ಲಿ ಬಹಳಷ್ಟು ಕಡೆ ಡೆಸ್ಟಿನಿ ಅನ್ನುವ ಸಾಫ್ಟ್‌ವೇರ್ ಬಳಸುತ್ತಾರೆ. ಪಟ್ಟಿಯ 40 ಹೆಸರನ್ನೂ ಅದರಲ್ಲಿ ಹಾಕಿ ಹುಡುಕಿ. ಅರ್ಧ ಗಂಟೆಯ ಕೆಲಸ. ಎಷ್ಟು ಪುಸ್ತಕ ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ನಿಜವಾಗಿ ಇವೆ, ಯಾವ ಶಾಲೆಯಲ್ಲಿ ಎಷ್ಟು ಪ್ರತಿ, ಎಲ್ಲ ಗೊತ್ತಾಗುತ್ತೆ. ಇಂಥ ಪಟ್ಟಿಗಳು ಊರಿಂದೂರಿಗೆ ಕಾಪಿ ಆಗುತ್ತಾ ಹೋಗುತ್ತವೆ. ಹಾಗಾಗಿ ಒಂದಷ್ಟು ಪುಸ್ತಕ ನಿಮ್ಮ ಶಾಲೆಗಳಲ್ಲಿ ಇಲ್ಲದೇ ಇದ್ದರೂ ಆಶ್ಚರ್ಯ ಇಲ್ಲ.

ಹಾಗಂತ ದೂರೆಲ್ಲ ಸುಳ್ಳು ಅಂತ ನಾನು ಹೇಳೋದಿಲ್ಲ. ಒಂದು ಸಲ ಒಬ್ಬರು ಅಜ್ಜಿ ಬಂದರು, ಮೊಮ್ಮಗನ ಕೈ ಹಿಡಿದುಕೊಂಡು. ಹುಡುಗನಿಗೆ ಎಂಟು ವರ್ಷ. ಅಜ್ಜಿ ಮೇಜಿನ ಮೇಲೆ ಒಂದು ಮಾಂಗಾ ಇಟ್ಟರು, ಅದೇ ಜಪಾನಿನ ಕಾಮಿಕ್ಸು, ಹಿಂದಿನಿಂದ ಮುಂದಕ್ಕೆ ಓದೋದು. ಅದರ ನಡುವೆ ಒಂದು ಬಸ್ ಟಿಕೆಟ್ ಸಿಕ್ಕಿಸಿದ್ದರು. ಆ ಪುಟ ತೆರೆದು ಮೊಮ್ಮಗನಿಗೆ ಕಾಣದ ಹಾಗೆ ಕೈ ಅಡ್ಡ ಹಿಡಿದು ನನಗೆ ತೋರಿಸಿದರು. ಸರಣಿಯ ಮೊದಲ ನಾಲ್ಕೈದು ಭಾಗ ಚಿಕ್ಕ ಮಕ್ಕಳೂ ಓದುವಂಥವು. ಹೋಗ್ತಾ ಹೋಗ್ತಾ ಕಥೆಗೂ ವಯಸ್ಸಾಗುತ್ತೆ, ಒಂಬತ್ತನೇ ಭಾಗದ ಹಿಂಬದಿಯಲ್ಲಿ ‘ಟಿ ಪ್ಲಸ್’ ಅಂತಲೇ ಮುದ್ರೆ ಇತ್ತು, ಅಂದರೆ ದೊಡ್ಡ ಹದಿಹರೆಯದವರಿಗೆ. ನಾವೋ, ಕಾರ್ಟೂನ್ ತಾನೇ ಅಂತ ಇಡೀ ಸರಣಿಯನ್ನ ಮಕ್ಕಳ ಕಪಾಟಿನಲ್ಲಿ ಜೋಡಿಸಿಬಿಟ್ಟಿದ್ದೆವು. ತಪ್ಪು ನಮ್ಮದು. ಅವತ್ತೇ ಮಧ್ಯಾಹ್ನ ಎಲ್ಲ ಭಾಗಗಳನ್ನೂ ಟೀನ್ ವಿಭಾಗಕ್ಕೆ ಸಾಗಿಸಿದೆವು. ಅಜ್ಜಿ ಯಾವ ಫಾರಂ ತುಂಬಲಿಲ್ಲ, ಯಾವ ಸಂಘಕ್ಕೂ ಹೇಳಲಿಲ್ಲ. ಪುಸ್ತಕ ಲೈಬ್ರರಿಯಲ್ಲೇ ಉಳಿಯಿತು, ಹದಿನಾರರ ಹುಡುಗರು ಇವತ್ತಿಗೂ ಒಯ್ಯುತ್ತಾರೆ. ಗ್ರಾಫಿಕ್ ನಾವೆಲ್‌ಗಳಲ್ಲಿ ಈ ಎಡವಟ್ಟು ಜಾಸ್ತಿ. ಚಿತ್ರ ಇದೆ ಅಂದ ಮಾತ್ರಕ್ಕೆ ಮಕ್ಕಳ ಪುಸ್ತಕ ಅಂತ ನಾವೂ ಮೋಸ ಹೋಗ್ತೀವಿ, ನೀವೂ ಹೋಗ್ತೀರಿ.

‘ಅಶ್ಲೀಲ’ ಅನ್ನುವ ಮಾತಿಗೆ ಬರೋಣ. ಕಾನೂನಿನ ಪ್ರಕಾರ ಅಶ್ಲೀಲವಾದದ್ದನ್ನು ಮಕ್ಕಳಿಗೆ ಕೊಡುವುದು ಟೆಕ್ಸಸ್‌ನಲ್ಲಿ ಯಾವತ್ತಿನಿಂದಲೂ ಅಪರಾಧ. ಅದಕ್ಕೆ ಹೊಸ ಅರ್ಜಿ ಬೇಕಿಲ್ಲ. ಯಾವುದು ಅಶ್ಲೀಲ ಅಂತ ತೀರ್ಮಾನಿಸೋಕೆ ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲಿ, ಮಿಲ್ಲರ್ ಕೇಸಿನಲ್ಲಿ, ಒಂದು ಅಳತೆ ಕೊಟ್ಟಿತು. ಅದರ ತಿರುಳು, ಇಡೀ ಕೃತಿಯನ್ನು ನೋಡಬೇಕು ಅನ್ನೋದು. ಬಿಡಿ ಪುಟ ನೋಡಿ ತೀರ್ಮಾನ ಮಾಡೋ ಹಾಗಿಲ್ಲ. ಮೈ ಬೆಳೆಯುವ ಬಗ್ಗೆ ಹೇಳುವ ಪುಸ್ತಕ, ದೌರ್ಜನ್ಯಕ್ಕೆ ಸಿಕ್ಕ ಹುಡುಗಿಯ ಕಥೆ, ಇವುಗಳಲ್ಲೂ ಫೋಟೊ ತೆಗೆದು ಕಳಿಸಬಹುದಾದ ಒಂದು ಪುಟ ಇದ್ದೇ ಇರುತ್ತೆ. ಆ ಪುಟ ಇಲ್ಲದಿದ್ದರೆ ಆ ಪುಸ್ತಕಕ್ಕೆ ಅರ್ಥವೇ ಇರುವುದಿಲ್ಲ.

ಇನ್ನು ‘ಬ್ಯಾನ್’. ಇಲ್ಲಿ ಇಂಡಿಯಾದಿಂದ ಬಂದ ನಮ್ಮಂಥವರಿಗೆ ನಿಜಕ್ಕೂ ಗೊಂದಲ ಆಗುತ್ತೆ. ನಮ್ಮಲ್ಲಿ ಪುಸ್ತಕ ನಿಷೇಧ ಅಂದರೆ ಸರ್ಕಾರ ಆದೇಶ ಹೊರಡಿಸಿ ಎಲ್ಲ ಪ್ರತಿಗಳನ್ನೂ ಮುಟ್ಟುಗೋಲು ಹಾಕೋದು. ಅದಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 95ನೇ ಸೆಕ್ಷನ್ ಇತ್ತು, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ 98ನೇ ಸೆಕ್ಷನ್. ‘ಧರ್ಮಕಾರಣ’ ಕಾದಂಬರಿಯನ್ನು ಕರ್ನಾಟಕ ಸರ್ಕಾರ ಹೀಗೆ ಮುಟ್ಟುಗೋಲು ಹಾಕಿತ್ತು, 2007ರಲ್ಲಿ ಇಂಡಿಯಾದ ಸುಪ್ರೀಂ ಕೋರ್ಟ್ ಆ ಆದೇಶವನ್ನ ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಜಮ್ಮು–ಕಾಶ್ಮೀರದಲ್ಲಿ ಒಂದೇ ಏಟಿಗೆ 25 ಪುಸ್ತಕಕ್ಕೆ ಹಾಗೆ ಆಯಿತು. ಅಂಗಡಿಗೂ ಪೊಲೀಸರು ಬರಬಹುದು. ಅಮೆರಿಕದಲ್ಲಿ ಈಗ ನಡೆಯುತ್ತಿರೋದು ಅದಲ್ಲ. ಪುಸ್ತಕ ಅಂಗಡಿಯಲ್ಲಿ ಇರುತ್ತೆ, ಆದರೆ ಶಾಲೆಯ ಕಪಾಟಿನಲ್ಲಿ ಇರೋದಿಲ್ಲ. ಹಾಗಾಗಿ ನಿಮ್ಮ ಗುಂಪಿನ ‘ಅಮೆಜಾನ್‌ನಲ್ಲಿ ಸಿಗತ್ತಲ್ಲ’ ಅನ್ನುವವರ ಮಾತು ಅಕ್ಷರಶಃ ಸರಿ.

ಆದರೆ ಅವರು ಕಾರಿದ್ದವರು, ಕ್ರೆಡಿಟ್ ಕಾರ್ಡ್ ಇದ್ದವರು. ನನ್ನ ಲೈಬ್ರರಿಗೆ ಬರುವ ಮಕ್ಕಳಲ್ಲಿ ಶಾಲೆಯ ಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಕಾಣದವರು ಇದ್ದಾರೆ. ಹದಿಮೂರರ ಹುಡುಗಿ ತನಗೆ ಆಗಿದ್ದನ್ನ ಅಮ್ಮನಿಗೆ ಹೇಳಲಾರದೆ ಪುಸ್ತಕದಲ್ಲಿ ಹುಡುಕುತ್ತಾಳೆ ಅಂತಿಟ್ಟುಕೊಳ್ಳಿ, ಅವಳು ಅಮ್ಮನ ಅಮೆಜಾನ್ ಅಕೌಂಟಿನಲ್ಲಿ ಅದನ್ನ ಆರ್ಡರ್ ಮಾಡ್ತಾಳಾ?

ಇನ್ನೊಂದು ಗೊಂದಲ ಪಠ್ಯಕ್ಕೂ ಲೈಬ್ರರಿಗೂ ಇರುವ ವ್ಯತ್ಯಾಸ. 2022ರ ಜನವರಿಯಲ್ಲಿ ಟೆನೆಸಿಯ ಮೆಕ್‌ಮಿನ್ ಕೌಂಟಿಯ ಸ್ಕೂಲ್ ಬೋರ್ಡ್, ಅಂದರೆ ಶಾಲೆಗಳನ್ನ ನೋಡಿಕೊಳ್ಳುವ ಚುನಾಯಿತ ಸಮಿತಿ, ‘ಮೌಸ್’ ಅನ್ನುವ ಗ್ರಾಫಿಕ್ ನಾವೆಲ್ ಅನ್ನು 10–0 ಮತದಿಂದ ಎಂಟನೇ ಕ್ಲಾಸಿನ ಪಾಠದಿಂದ ತೆಗೆಯಿತು. ಯಹೂದಿಗಳ ನರಮೇಧದ ಕಥೆ ಅದು. ಕೊಟ್ಟ ಕಾರಣ, ಕೆಲವು ಬೈಗುಳ ಮತ್ತು ಒಂದು ನಗ್ನ ಚಿತ್ರ. ಅದು ಪಠ್ಯದಿಂದ ತೆಗೆದದ್ದು. ಪಾಠದಲ್ಲಿ ಎಲ್ಲ ಮಕ್ಕಳೂ ಓದಲೇಬೇಕು, ಅಲ್ಲಿ ಅಪ್ಪ–ಅಮ್ಮ ‘ನನ್ನ ಮಗುವಿಗೆ ಬೇಡ’ ಅನ್ನುವುದಕ್ಕೆ ಬೇರೆಯೇ ತೂಕ ಇದೆ. 2025ರ ಜೂನ್‌ನಲ್ಲಿ ಮೇರಿಲ್ಯಾಂಡ್‌ನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ಧರ್ಮದ ಕಾರಣಕ್ಕೆ ಮಗುವನ್ನು ಕೆಲವು ಕಥೆಪುಸ್ತಕದ ಪಾಠಗಳಿಂದ ಹೊರಗಿಡಲು ಕೇಳಿದ ಪೋಷಕರ ಪರವಾಗಿ ನಿಂತಿತು. ಲೈಬ್ರರಿಯಲ್ಲಿ ಹಾಗಲ್ಲ. ಅಲ್ಲಿ ಯಾರೂ ಯಾವ ಪುಸ್ತಕವನ್ನೂ ಓದಲೇಬೇಕು ಅಂತಿಲ್ಲ. ಇಷ್ಟ ಇದ್ದವರು ತಗೋತಾರೆ.

ಸಂಖ್ಯೆಗಳ ಬಗ್ಗೆಯೂ ಗುಂಪಿನಲ್ಲಿ ಜಗಳ ಆಗಿರಬಹುದು. ಪೆನ್ ಅಮೆರಿಕ ಅನ್ನುವ ಲೇಖಕರ ಸಂಸ್ಥೆಯ ಲೆಕ್ಕದಲ್ಲಿ 2023–24ರ ಶಾಲಾ ವರ್ಷದಲ್ಲಿ 10,046 ‘ಬ್ಯಾನ್’. ಕೇಳಿದರೆ ಹತ್ತು ಸಾವಿರ ಪುಸ್ತಕ ಅನ್ನಿಸುತ್ತೆ. ಹಾಗಲ್ಲ, ಒಂದೇ ಪುಸ್ತಕ ಹತ್ತು ಡಿಸ್ಟ್ರಿಕ್ಟ್‌ನಲ್ಲಿ ಹೋದರೆ ಹತ್ತು ಲೆಕ್ಕ. ಬೇರೆ ಬೇರೆ ಹೆಸರಿನ ಪುಸ್ತಕ ಅಂತ ಎಣಿಸಿದರೆ 4,231. ಪರಿಶೀಲನೆಗೆ ಅಂತ ತಾತ್ಕಾಲಿಕವಾಗಿ ತೆಗೆದಿಟ್ಟಿದ್ದನ್ನೂ ಅವರು ಸೇರಿಸುತ್ತಾರೆ, ಅದಕ್ಕೇ ಇನ್ನೊಂದು ಕಡೆಯವರು ‘ಉತ್ಪ್ರೇಕ್ಷೆ’ ಅಂತಾರೆ. ನನ್ನ ಕೇಳಿದರೆ, ಎಂಟು ತಿಂಗಳು ಪೆಟ್ಟಿಗೆಯಲ್ಲಿ ಕೂತ ಪುಸ್ತಕ ಆ ವರ್ಷದ ಎಂಟನೇ ಕ್ಲಾಸಿನ ಮಗುವಿಗೆ ಇಲ್ಲದ ಹಾಗೇ ಲೆಕ್ಕ. ಮುಂದಿನ ವರ್ಷ ಅವಳು ಆ ಶಾಲೆಯಲ್ಲೇ ಇರೋದಿಲ್ಲ.

ಯಾರು ಕೇಳ್ತಿದಾರೆ ಅನ್ನೋದು ಇದಕ್ಕಿಂತ ಮುಖ್ಯ. ‘ಪೋಷಕರು ರೊಚ್ಚಿಗೆದ್ದಿದ್ದಾರೆ’ ಅಂತ ಎಲ್ಲ ಕಡೆ ಬರುತ್ತೆ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ 2024ರ ಲೆಕ್ಕದ ಪ್ರಕಾರ ಪುಸ್ತಕ ತೆಗೆಸುವ ಬೇಡಿಕೆಗಳಲ್ಲಿ ಪೋಷಕರದ್ದು ಶೇ 16. ಸಂಘಟಿತ ಗುಂಪುಗಳು, ಬೋರ್ಡ್ ಸದಸ್ಯರು, ಅಧಿಕಾರಿಗಳು, ರಾಜಕಾರಣಿಗಳದ್ದು ಶೇ 72. ಅದಕ್ಕೂ ಮುಂಚೆ, 2021–22ರಲ್ಲಿ ಶಾಲೆಗಳಿಗೆ ಬಂದ ಸಾವಿರಕ್ಕೂ ಹೆಚ್ಚು ದೂರುಗಳನ್ನ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಕೂತು ಓದಿತು. ಅದರಲ್ಲಿ ಶೇ 60ರಷ್ಟನ್ನು ಕೊಟ್ಟವರು ಕೇವಲ 11 ಜನ! ಹಾಗಾಗಿ ನಿಮ್ಮ ಗುಂಪಿಗೆ ಬಂದ ಪಟ್ಟಿಯನ್ನ ಬರೆದವರು ಯಾರು ಅಂತ ಸುಮ್ನೆ ಒಂದು ಸಲ ಕೇಳಿ. 40 ಪುಸ್ತಕವನ್ನೂ ಓದಿದವರು ಯಾರಾದರೂ ಗುಂಪಿನಲ್ಲಿ ಇದ್ದಾರಾ ಅಂತಲೂ ಕೇಳಿ. ಜಗಳ ಮಾಡುವ ದನಿಯಲ್ಲಿ ಬೇಡ.

‘ನಾಳೆ ನಮ್ಮ ಬಗ್ಗೆ ಇರೋ ಪುಸ್ತಕ’ ಅಂದವರ ಮಾತಿಗೆ ಒಂದು ಊರಿನ ಕಥೆ ಹೇಳಬೇಕು. ಇದೇ ಟೆಕ್ಸಸ್‌ನ ಲಾನೊ ಕೌಂಟಿ. ಅಲ್ಲಿಯದು ಪಬ್ಲಿಕ್ ಲೈಬ್ರರಿ, ಶಾಲೆಯದ್ದಲ್ಲ. 17 ಪುಸ್ತಕ ಕಪಾಟಿನಿಂದ ಹೋದವು. ಅದರಲ್ಲಿ ಹೂಸು ಬಿಡುವ ತಮಾಷೆಯ ಮಕ್ಕಳ ಪುಸ್ತಕಗಳೂ ಇದ್ದವು, ಕರಿಯರ ಮೇಲೆ ದೌರ್ಜನ್ಯ ಮಾಡಿದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್‌ನ ಚರಿತ್ರೆಯೂ ಇತ್ತು, ಅಮೆರಿಕದ ವರ್ಣಭೇದವನ್ನು ನಮ್ಮ ಜಾತಿ ಪದ್ಧತಿಯ ಜೊತೆ ಇಟ್ಟು ನೋಡುವ ಇಸಬೆಲ್ ವಿಲ್ಕರ್ಸನ್ ಅವರ ‘ಕ್ಯಾಸ್ಟ್’ ಕೂಡ ಇತ್ತು. ಶುರುವಾಗಿದ್ದು ‘ಮಕ್ಕಳಿಗೆ ಕೊಳಕು’ ಅಂತ, ಮುಗಿದದ್ದು ಜಾತಿಯ ಬಗ್ಗೆ ದೊಡ್ಡವರು ಓದುವ ಪುಸ್ತಕದ ತನಕ. ಪುಸ್ತಕ ತೆಗೆಯಲು ಒಪ್ಪದ ಒಬ್ಬರು ಲೈಬ್ರೇರಿಯನ್ 2022ರಲ್ಲಿ ಕೆಲಸ ಕಳಕೊಂಡರು. ಅದೇ ವರ್ಷ ಊರಿನ ಏಳು ಜನ ಕೋರ್ಟಿಗೆ ಹೋದರು. 2023ರಲ್ಲಿ ಕೆಳಗಿನ ಕೋರ್ಟು ಪುಸ್ತಕ ವಾಪಸ್ ಇಡಿ ಅಂದಾಗ, ಕೌಂಟಿಯವರು ಲೈಬ್ರರಿಯನ್ನೇ ಮುಚ್ಚಿಬಿಡೋಣವಾ ಅಂತ ಸಭೆ ಕರೆದರು. ಪುಣ್ಯಕ್ಕೆ ಮುಚ್ಚಲಿಲ್ಲ. ಕೊನೆಗೆ 2025ರ ಮೇ ತಿಂಗಳಲ್ಲಿ ಐದನೇ ಸರ್ಕ್ಯೂಟ್ ಅನ್ನುವ ಫೆಡರಲ್ ಮೇಲ್ಮನವಿ ಕೋರ್ಟು 10–7ರಲ್ಲಿ ಕೌಂಟಿಯ ಕಡೆ ತೀರ್ಪು ಕೊಟ್ಟಿತು. ಲೈಬ್ರರಿಯಿಂದ ಪುಸ್ತಕ ತೆಗೆದರು ಅಂತ ಓದುಗರು ಸಂವಿಧಾನದ ಹೆಸರಿನಲ್ಲಿ ಪ್ರಶ್ನೆ ಮಾಡೋ ಹಾಗಿಲ್ಲ ಅಂತ. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನ ಕೈಗೆತ್ತಿಕೊಳ್ಳಲಿಲ್ಲ. ಅದಕ್ಕೂ ಮುಂಚೆ, 1982ರಲ್ಲಿ, ನ್ಯೂಯಾರ್ಕಿನ ಒಂದು ಶಾಲೆಯ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಕೆಲವು ನ್ಯಾಯಮೂರ್ತಿಗಳು, ವಿಚಾರ ಇಷ್ಟ ಆಗಲಿಲ್ಲ ಅಂತ ಬೋರ್ಡು ಪುಸ್ತಕ ತೆಗೆಯುವಂತಿಲ್ಲ ಅಂದಿದ್ದರು. ಐದನೇ ಸರ್ಕ್ಯೂಟಿನ ವ್ಯಾಪ್ತಿಗೆ ಬರುವ ಟೆಕ್ಸಸ್, ಲೂಯಿಸಿಯಾನ, ಮಿಸಿಸಿಪಿಗಳಲ್ಲಿ ಈಗ ಆ ಮಾತು ಹಿಡಿದುಕೊಂಡು ಕೋರ್ಟಿಗೆ ಹೋಗುವುದು ಕಷ್ಟ. ಏನೇ ಆದರೂ ನಿಮ್ಮೂರಿನ ಬೋರ್ಡಿನಲ್ಲೇ ಆಗಬೇಕು.

ಲಾನೊದಲ್ಲಿ ಅಧಿಕಾರಿಗಳು ಹೇಳಿದ್ದು, ‘ಬ್ಯಾನ್ ಅಲ್ಲ, ಮಾಮೂಲಿ ವೀಡಿಂಗ್’ ಅಂತ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇದು ನಮ್ಮ ದಿನನಿತ್ಯದ ಕೆಲಸ. ವೀಡಿಂಗ್ ಅಂದರೆ ಕಳೆ ಕೀಳೋದು. ಕಪಾಟಿಗೂ ಹೊಲಕ್ಕೂ ವ್ಯತ್ಯಾಸ ಇಲ್ಲ, ಕೀಳದಿದ್ದರೆ ಬೆಳೆ ಕಾಣೋದಿಲ್ಲ. ಟೆಕ್ಸಸ್‌ನಲ್ಲೇ 1970ರ ದಶಕದಲ್ಲಿ ಹುಟ್ಟಿದ ‘ಕ್ರೂ’ ಅನ್ನುವ ಕೈಪಿಡಿ ಇದೆ, ಇವತ್ತಿಗೂ ದೇಶದ ಲೈಬ್ರರಿಗಳು ಅದನ್ನೇ ಹಿಡಿದುಕೊಂಡು ಕಳೆ ಕೀಳುತ್ತವೆ. ಮಾಹಿತಿ ಹಳತಾಗಿದೆಯಾ, ಪುಟ ಹರಿದು ಜಾಮ್ ಮೆತ್ತಿಕೊಂಡಿದೆಯಾ, ಹೊಸ ಆವೃತ್ತಿ ಬಂದಿದೆಯಾ, ಎಷ್ಟು ವರ್ಷದಿಂದ ಯಾರೂ ಒಯ್ದಿಲ್ಲ, ಹೀಗೆ ನೋಡ್ತೀವಿ. ಪ್ಲೂಟೊವನ್ನ ಇನ್ನೂ ಒಂಬತ್ತನೇ ಗ್ರಹ ಅನ್ನುವ ಪುಸ್ತಕವನ್ನ ನಾನು ಕಣ್ಣು ಮಿಟುಕಿಸದೆ ತೆಗೆದುಹಾಕುವ ಪುಸ್ತಕಗಳ ಗಾಡಿಗೆ ಹಾಕ್ತೀನಿ. ಆದರೆ ಪುಸ್ತಕ ಹೊಸದಿದೆ, ಜನ ಒಯ್ಯುತ್ತಿದ್ದಾರೆ, ನನಗೆ ಬೇಕು ಅಂತ ಹೆಸರು ಬರೆಸಿ ಕಾಯುವವರ ಸಾಲು ಇದೆ, ಆದರೂ ಅದು ‘ವೀಡಿಂಗ್’ ಅಂತ ಹೋದರೆ, ಅದು ಕಳೆ ಅಲ್ಲ, ಬೆಳೆಯನ್ನೇ ಕಿತ್ತದ್ದು.

ನಿಮ್ಮ ಮಗನ ಗೊಣಗಾಟಕ್ಕೆ ಬರ್ತೀನಿ. ಸಂಬಂಧ ಇರಬಹುದು, ಇದ್ದರೆ ಆಶ್ಚರ್ಯವಿಲ್ಲ. 2025ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಎಸ್‌ಬಿ 13 ಅನ್ನುವ ಕಾನೂನು ಜಾರಿಯಲ್ಲಿದೆ. ಅದರ ಪ್ರಕಾರ ಶಾಲೆಯ ಲೈಬ್ರರಿಗೆ ಕೊಳ್ಳುವ, ದಾನ ಬರುವ ಪುಸ್ತಕಗಳ ಪಟ್ಟಿಯನ್ನು 30 ದಿನ ಮುಂಚೆ ಜನರಿಗೆ ಕಾಣುವಂತೆ ಹಾಕಬೇಕು, ಆಮೇಲೆ ಬೋರ್ಡು ಸಭೆಯಲ್ಲಿ ಒಪ್ಪಬೇಕು. ಹಿಂದೆ ಲೈಬ್ರೇರಿಯನ್ ಸೋಮವಾರ ಆರ್ಡರ್ ಹಾಕಿದರೆ ಎರಡು ವಾರಕ್ಕೆ ಡಬ್ಬ ಬರುತ್ತಿತ್ತು. ಈಗ ನಾಯಿಮರಿಯ ಕಾಮಿಕ್ಸಿಗೂ ಬೋರ್ಡಿನ ಮುದ್ರೆ ಬೇಕು. ಕೆಲವು ಡಿಸ್ಟ್ರಿಕ್ಟ್‌ಗಳು ಈ ರಗಳೆಯೇ ಬೇಡ ಅಂತ ಸ್ವಲ್ಪ ಕಾಲ ಖರೀದಿಯನ್ನೇ ನಿಲ್ಲಿಸಿದ್ದವು.

ಯಾವ ಲೆಕ್ಕಕ್ಕೂ ಸಿಗದ ವಿಷಯ ಇಲ್ಲಿದೆ ನೋಡಿ. ತೆಗೆದ ಪುಸ್ತಕವನ್ನ ಎಣಿಸಬಹುದು. ತರಿಸದೇ ಬಿಟ್ಟ ಪುಸ್ತಕವನ್ನ ಯಾರು ಎಣಿಸ್ತಾರೆ? ಶಾಲೆಯ ಲೈಬ್ರೇರಿಯನ್ ರಾತ್ರಿ ಊಟ ಆದಮೇಲೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆರ್ಡರ್ ಪಟ್ಟಿ ಮಾಡ್ತಾರೆ. ಒಂದು ಪುಸ್ತಕಕ್ಕೆ ಒಳ್ಳೆಯ ವಿಮರ್ಶೆ ಇದೆ, ಪ್ರಶಸ್ತಿ ಬಂದಿದೆ, ಮಕ್ಕಳು ಕೇಳ್ತಿದಾರೆ. ಆದರೆ ಮುಖಪುಟ ನೋಡಿದರೆ ಯಾರೋ ಒಬ್ಬರು ಸಭೆಯಲ್ಲಿ ಎದ್ದು ನಿಲ್ಲಬಹುದು ಅನ್ನಿಸುತ್ತೆ. ಕ್ಲಿಕ್, ಡಿಲೀಟ್. ನಾನೇ ಹಾಗೆ ಮಾಡಿದ್ದೇನೆ. ಹೆಮ್ಮೆಯಿಂದ ಹೇಳ್ತಿಲ್ಲ. ಒಂದು ವರ್ಷ ನಮ್ಮಲ್ಲಿ ಬಜೆಟ್ ಚರ್ಚೆ ಬಿಸಿಯಾಗಿತ್ತು, ಮೂರು ಪುಸ್ತಕದ ಹೆಸರನ್ನ ನಾನೇ ಅಳಿಸಿದೆ. ಯಾರೂ ಹೇಳಿರಲಿಲ್ಲ. ನಮ್ಮ ದೇಶದ ಲೈಬ್ರರಿ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಸೂತ್ರಗಳನ್ನ ಮೈಸೂರಿನಲ್ಲಿ ಬಾಯಿಪಾಠ ಮಾಡಿದವಳು ನಾನು, ‘ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ’ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವಳು.

ಸರಿ, ಈಗ ನೀವೇನು ಮಾಡಬಹುದು?

ನಿಮ್ಮ ಮಗಳಿಗೆ ಮಾತ್ರ ಬೇಡ ಅಂತ ಹೇಳೋಕೆ ಖಂಡಿತ ಆಗುತ್ತೆ. ಅದಕ್ಕೆ ಅರ್ಜಿ ಬೇಡ, ಗುಂಪು ಬೇಡ. ಅದೇ ಎಸ್‌ಬಿ 13 ಕಾನೂನಿನಲ್ಲಿ, ನಿಮ್ಮ ಮಗು ಯಾವ ಪುಸ್ತಕ ಒಯ್ಯಬಾರದು ಅಂತ ಪಟ್ಟಿ ಕೊಡುವ ಹಕ್ಕು ನಿಮಗಿದೆ. ಏನೇನು ಒಯ್ದಿದ್ದಾಳೆ ಅಂತ ನೋಡುವ ಹಕ್ಕೂ ಇದೆ. ಲೈಬ್ರೇರಿಯನ್‌ಗೆ ಎರಡು ಸಾಲಿನ ಇಮೇಲ್ ಹಾಕಿದರೆ ಅವಳ ಅಕೌಂಟಿನಲ್ಲಿ ಒಂದು ನೋಟ್ ಹಾಕ್ತಾರೆ. ಇದರ ಅಪಾಯ ಬೇರೆ ಥರದ್ದು. ಎಂಟನೇ ಕ್ಲಾಸಿನ ಹುಡುಗಿ ಕೌಂಟರಿನಲ್ಲಿ ಗೆಳತಿಯರ ಮುಂದೆ ‘ನಿಮ್ಮಮ್ಮ ಇದನ್ನ ಬೇಡ ಅಂದಿದ್ದಾರೆ’ ಅಂತ ಕೇಳಿಸಿಕೊಂಡರೆ, ಆಮೇಲೆ ಅವಳು ಲೈಬ್ರರಿ ಪುಸ್ತಕ ಮನೆಗೆ ತರೋದನ್ನೇ ಬಿಡ್ತಾಳೆ. ಓದೋದನ್ನ ಬಿಡಲ್ಲ, ನಿಮಗೆ ತೋರಿಸೋದನ್ನ ಬಿಡ್ತಾಳೆ. ನಾನು ಓದುವ ಕಾಲಕ್ಕೆ ನಮ್ಮೂರ ಲೈಬ್ರರಿಯಲ್ಲಿ ಗಾಜಿನ ಬೀರುವಿಗೆ ಬೀಗ ಇತ್ತು, ಬೀಗದಕೈ ಊಟಕ್ಕೆ ಹೋದವರ ಜೇಬಿನಲ್ಲಿ. ಆದರೂ ಪತ್ತೇದಾರಿ ಕಾದಂಬರಿಯೆಲ್ಲ ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟುಕೊಂಡು ಓದಿದ್ದಾಯಿತು. ಈಗಿನ ಮಕ್ಕಳ ಕೈಯಲ್ಲಿ ಫೋನಿದೆ. ಹಾಗಾಗಿ ನೋಟ್ ಹಾಕಿಸುವುದಾದರೆ ಮೊದಲು ಅವಳಿಗೆ ಹೇಳಿ ಹಾಕಿಸಿ.

ಎರಡನೆಯದು, ಪುಸ್ತಕ ತಪ್ಪು ಜಾಗದಲ್ಲಿದೆ ಅಂತ ನಿಮಗೆ ಓದಿದ ಮೇಲೂ ಅನ್ನಿಸಿದರೆ, ಲೈಬ್ರೇರಿಯನ್ ಜೊತೆ ಮಾತಾಡಿ, ಆ ಅಜ್ಜಿ ಮಾಡಿದ ಹಾಗೆ. ಮಿಡ್ಲ್ ಸ್ಕೂಲಿನಿಂದ ಹೈಸ್ಕೂಲಿಗೆ ಸಾಗಿಸುವ ದಾರಿ ಇರುತ್ತೆ. ನನ್ನ ಅನುಭವದಲ್ಲಿ ಬಹಳಷ್ಟು ದೂರು ಇಲ್ಲೇ ಮುಗಿಯುತ್ತೆ.

ಅದೂ ಆಗದಿದ್ದರೆ, ಬರಹದಲ್ಲಿ ದೂರು ಕೊಡುವ ಫಾರಂ. ಅಲ್ಲಿ ಎಚ್ಚರ ಬೇಕು. ಈ ಕಾನೂನಿನಲ್ಲಿ ನೀವು ಫಾರಂ ಕೊಟ್ಟ ಪುಸ್ತಕ ತೀರ್ಮಾನ ಆಗುವ ತನಕ ಮಕ್ಕಳಿಗೆ ಸಿಗೋದಿಲ್ಲ. ಅಂದರೆ ತೀರ್ಪಿಗೆ ಮುಂಚೆಯೇ ಶಿಕ್ಷೆ. ಒಬ್ಬರು ಒಂದು ಪುಸ್ತಕಕ್ಕೆ ಯೋಚಿಸಿ ಕೊಟ್ಟರೆ ಅದು ಒಂದು ಮಾತು, 40 ಪುಸ್ತಕಕ್ಕೆ ಒಟ್ಟಿಗೆ ಬಂದರೆ ಅವೆಲ್ಲ ಪೆಟ್ಟಿಗೆಗೆ ಹೋಗಿ, ಓದಿ ತೀರ್ಮಾನಿಸುವ ಕೆಲಸಕ್ಕೆ ಜನ ಸಾಲದೆ ತಿಂಗಳುಗಟ್ಟಲೆ ಕೂರುತ್ತವೆ. ನೀವು ಸಹಿ ಮಾಡಿದ ಕಾಗದ ಸರ್ಕಾರಿ ದಾಖಲೆ, ಕೇಳಿದವರ ಕೈಗೆ ಸಿಗಬಹುದು ಅನ್ನೋದೂ ನೆನಪಿರಲಿ.

ಈಗ ನಿಮ್ಮ ಗುಂಪಿಗೆ ಬಂದ ಅರ್ಜಿ. ಅದರ ತಲೆಬರಹವನ್ನ ಸರಿಯಾಗಿ ಓದಿ, ಎರಡು ಥರದ ಅರ್ಜಿ ಓಡಾಡ್ತಾ ಇರುತ್ತೆ. ಒಂದು, ‘ಇಷ್ಟು ಪುಸ್ತಕ ತೆಗೆಯಿರಿ’ ಅನ್ನುವ ಪಟ್ಟಿ. ಇನ್ನೊಂದು, ಲೈಬ್ರರಿಗೆ ಪೋಷಕರ ಸಲಹಾ ಸಮಿತಿ ಮಾಡಿ ಅನ್ನುವ ಬೇಡಿಕೆ. ಶೇ 10ರಷ್ಟು ಪೋಷಕರು ಅಥವಾ 50 ಜನ, ಯಾವುದು ಕಡಿಮೆಯೋ ಅಷ್ಟು ಸಹಿ ಬಂದರೆ ಡಿಸ್ಟ್ರಿಕ್ಟ್ ಆ ಸಮಿತಿ ಮಾಡಲೇಬೇಕು. ಮೊದಲನೆಯದಕ್ಕೆ ನಿಮ್ಮ ಜಾಗದಲ್ಲಿದ್ದರೆ ನಾನು ಸಹಿ ಹಾಕೋದಿಲ್ಲ. ಓದದ 39 ಪುಸ್ತಕದ ಬಗ್ಗೆ ನನ್ನ ಹೆಸರು ಯಾಕೆ? ಎರಡನೆಯದಾದರೆ ಸಹಿಗಿಂತ ಸಮಿತಿಯೊಳಗೆ ಹೋಗಿ ಕೂರೋದು ಮೇಲು. ಆ ಕುರ್ಚಿಗಳು ಖಾಲಿ ಇದ್ದರೆ ಪಟ್ಟಿ ಬರೆದವರೇ ಬಂದು ಕೂರ್ತಾರೆ. ಸಮಯ ಹೋಗುತ್ತೆ, ಫೋನು ಬರುತ್ತೆ, ನಿಮ್ಮ ಸಂಘದವರೇ ಒಂದಿಬ್ಬರು ಮಾತು ಬಿಡಬಹುದು, ಅದನ್ನೂ ಹೇಳಿಬಿಡ್ತೀನಿ.

ಮಾತಾಡಿ ಏನು ಪ್ರಯೋಜನ ಅನ್ನುವವರಿಗೆ, ಪೆನ್ಸಿಲ್ವೇನಿಯಾದ ಸೆಂಟ್ರಲ್ ಯಾರ್ಕ್ ಅನ್ನುವ ಸ್ಕೂಲ್ ಡಿಸ್ಟ್ರಿಕ್ಟ್ ನೆನಪಿಸಬೇಕು. ಅಲ್ಲಿ ಬೋರ್ಡು ತಡೆಹಿಡಿದ ಪಟ್ಟಿಯಲ್ಲಿ ವರ್ಣಭೇದದ ವಿರುದ್ಧ ಹೋರಾಡಿದ ರೋಸಾ ಪಾರ್ಕ್ಸ್ ಬಗ್ಗೆ, ಹೆಣ್ಣುಮಕ್ಕಳ ಓದಿಗಾಗಿ ಹೋರಾಡಿದ ಮಲಾಲಾ ಬಗ್ಗೆ ಇರುವ ಮಕ್ಕಳ ಪುಸ್ತಕಗಳಿದ್ದವು. ಹೈಸ್ಕೂಲಿನ ಮಕ್ಕಳು ಬೆಳಗ್ಗೆ ಬೆಳಗ್ಗೆ ಶಾಲೆಯ ಮುಂದೆ ಫಲಕ ಹಿಡಿದು ನಿಂತರು. 2021ರ ಸೆಪ್ಟೆಂಬರ್‌ನಲ್ಲಿ ಬೋರ್ಡು ಹಿಂದೆ ಸರಿಯಿತು.

ವೀಸಾ ವಿಷಯಕ್ಕೆ ನಾನು ವಕೀಲಳಲ್ಲ. ಗೊತ್ತಿರೋದಷ್ಟೇ ಹೇಳ್ತೀನಿ. ಪೋಷಕರಾಗಿ ಲೈಬ್ರೇರಿಯನ್‌ಗೆ ಬರೆಯೋಕೆ, ಫಾರಂ ಕೊಡೋಕೆ, ಸಭೆಯಲ್ಲಿ ಮಾತಾಡೋಕೆ ಸಿಟಿಜನ್ ಆಗಿರಬೇಕಿಲ್ಲ. ಬೋರ್ಡ್ ಚುನಾವಣೆಯಲ್ಲಿ ವೋಟು ಹಾಕುವಂತಿಲ್ಲ, ಅಷ್ಟೇ. ಸಭೆಯಲ್ಲಿ ಎರಡೋ ಮೂರೋ ನಿಮಿಷ ಸಿಗುತ್ತೆ, ಮುಂಚೆಯೇ ಹೆಸರು ಕೊಡಬೇಕು. ಸಾಮಾನ್ಯವಾಗಿ ಅದು ವಿಡಿಯೊ ಆಗಿ ಉಳಿಯುತ್ತೆ. ಅದಕ್ಕೆ ಅಳುಕಿದ್ದರೆ ನಿಮ್ಮ ಇಮಿಗ್ರೇಷನ್ ವಕೀಲರನ್ನ ಒಂದು ಮಾತು ಕೇಳಿ, ಅಥವಾ ಇಮೇಲ್ ಬರೆಯಿರಿ, ಅದನ್ನೂ ಓದ್ತಾರೆ.

ಒಂದು ವೇಳೆ ಆ ಪುಸ್ತಕಗಳು ಹೋಗೇ ಹೋದರೆ, ಊರಿನ ಪಬ್ಲಿಕ್ ಲೈಬ್ರರಿ ಇದೆ, ಅಲ್ಲಿ ಇಲ್ಲದಿದ್ದರೆ ಬೇರೆ ಊರಿಂದ ತರಿಸಿಕೊಡ್ತಾರೆ. ಬ್ರೂಕ್ಲಿನ್ ಪಬ್ಲಿಕ್ ಲೈಬ್ರರಿ 2022ರಿಂದ 13ರಿಂದ 21 ವರ್ಷದ, ಅಮೆರಿಕದ ಯಾವುದೇ ಮೂಲೆಯಲ್ಲಿರುವವರಿಗೂ ಇ–ಪುಸ್ತಕದ ಕಾರ್ಡ್ ಉಚಿತವಾಗಿ ಕೊಡುತ್ತಿದೆ. ನಿಮ್ಮ ಮಗಳಿಗೂ ಇದು ಗೊತ್ತಿರಬಹುದು, ನಿಮಗಿಂತ ಮುಂಚೆಯೇ!

ಇನ್ನು ಬ್ಯಾಗಿನಲ್ಲಿರುವ ಆ ಗ್ರಾಫಿಕ್ ನಾವೆಲ್. ಅರ್ಜಿಗೆ ಭಾನುವಾರದ ಗಡುವು ಅಂದಿರಿ. ಚಿತ್ರದ ಪುಸ್ತಕ ತಾನೇ, ಇನ್ನೂರೈವತ್ತು ಪುಟ ಇದ್ದರೂ ಒಂದೂವರೆ ಗಂಟೆ ಸಾಕು. ಶನಿವಾರ ಮಧ್ಯಾಹ್ನ ಊಟ ಆದಮೇಲೆ ಮಗಳ ಹತ್ತಿರ ಇಸ್ಕೊಳ್ಳಿ, ಕದ್ದು ತೆಗೀಬೇಡಿ. ಫೋಟೊದಲ್ಲಿದ್ದ ಪುಟ ಬಂದಾಗ ನಿಲ್ಲಿಸದೆ ಕೊನೆತನಕ ಓದಿ. ಆಮೇಲೆ ನಿಮ್ಮನೆಯವರಿಗೂ ಕೊಡಿ.